ರಾತ್ರಿಭೋಜನ ತ್ಯಾಗ ಮತ್ತು ಸ್ನಾಯುಗಳ ಬಲ

ಸೂರ್ಯಾಸ್ತದ ನಂತರ ಊಟ ಮಾಡದಿರುವುದು ಶ್ರಾವಕರು ಅಹಿಂಸೆಗಾಗಿ ಪಾಲಿಸುವ ನಿಯಮ. ಇದು ದೇಹದ ಸ್ನಾಯುಗಳಿಗೂ ಹೊಂದುತ್ತದೆ. ಆದರೆ ಹಗಲಿನ ಊಟದಲ್ಲಿ ಪ್ರೋಟೀನ್ ಸಾಕಷ್ಟಿರಬೇಕು. ಮನೆಯ ಹಿರಿಯರ ವಿಷಯದಲ್ಲಿ ಇದನ್ನು ಮರೆಯಬಾರದು.

ದೇಹದ ಗಡಿಯಾರ

ನಮ್ಮ ಜೀವಕೋಶಗಳಲ್ಲಿ ಹಗಲು-ರಾತ್ರಿಗೆ ಹೊಂದಿಕೊಂಡು ನಡೆಯುವ ಗಡಿಯಾರವಿದೆ. ಇದರ ಸಂಶೋಧನೆಗೆ 2017ರಲ್ಲಿ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ನೊಬೆಲ್ ಬಂತು. ಸ್ನಾಯುಗಳಿಗೂ ಇಂಥ ಗಡಿಯಾರವುಂಟು. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಇನ್ಸುಲಿನ್ ಸಾಮಾನ್ಯವಾಗಿ ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡುತ್ತದೆ, ರಾತ್ರಿ ಮಂದವಾಗುತ್ತದೆ. ಅದೇ ಊಟವನ್ನು ತಡರಾತ್ರಿ ಮಾಡಿದರೆ ಸಕ್ಕರೆ ಹೆಚ್ಚು ಏರುತ್ತದೆ.

ದೀರ್ಘ ರಾತ್ರಿ

ಮೈಸೂರಿನಲ್ಲಿ ಜುಲೈ ಆರಂಭದಲ್ಲಿ ಸೂರ್ಯಾಸ್ತ ಸುಮಾರು 6.50ಕ್ಕೆ, ನವೆಂಬರ್ ಕೊನೆಯಲ್ಲಿ 5.55ಕ್ಕೆ. ಚಳಿಗಾಲದಲ್ಲಿ ಸಂಜೆ ಊಟ ಮುಗಿಸಿ ಮರುದಿನ 7.30ಕ್ಕೆ ತಿಂಡಿ ತಿಂದರೆ ನಡುವೆ ಹದಿಮೂರೂವರೆ ಗಂಟೆಗಿಂತ ಹೆಚ್ಚು ಬಿಡುವು. ಆಗ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುತ್ತದೆ. ಅದು ಕಡಿಮೆಯಾಗುತ್ತಾ ಬಂದಂತೆ ಸ್ನಾಯುವಿನ ಪ್ರೋಟೀನ್‌ನಿಂದಲೂ ಸ್ವಲ್ಪ ಸಕ್ಕರೆ ತಯಾರಾಗುತ್ತದೆ. ಹಗಲಿನ ಆಹಾರ ಸರಿಯಿದ್ದರೆ ಈ ನಷ್ಟ ತುಂಬಿಬರುತ್ತದೆ. ಸಂಜೆ ಬರೀ ಕಾಫಿ-ಅವಲಕ್ಕಿಯಲ್ಲಿ ಮುಗಿಸುವ ಹಿರಿಯರಿಗೆ ತುಂಬಿಬರುವುದು ಕಷ್ಟ. ವಯಸ್ಸಾದಂತೆ ಸ್ನಾಯು ಹೇಗೂ ಕರಗುತ್ತದೆ. ಮೆಟ್ಟಿಲು ಹತ್ತಲಾಗದಿರುವುದು, ಬೀಳುವುದು ಅದರ ಫಲ.

ಎಷ್ಟು ಬೇಕು?

ಆರೋಗ್ಯವಂತ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರಮಾಣ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್. 55 ಕೆ.ಜಿ. ತೂಕದವರಿಗೆ ಸುಮಾರು 46 ಗ್ರಾಂ. ಅದು ಹೀಗೆ ಸಿಗುತ್ತದೆ:

- ಅಕ್ಕಿ, ಗೋಧಿ, ರಾಗಿ ಸೇರಿ 250 ಗ್ರಾಂ: ಸುಮಾರು 20 ಗ್ರಾಂ
- ಹೆಸರುಬೇಳೆ ಅಥವಾ ತೊಗರಿಬೇಳೆ 50 ಗ್ರಾಂ: 11-12 ಗ್ರಾಂ
- ಹಾಲು 400 ಮಿ.ಲೀ.: ಸುಮಾರು 13 ಗ್ರಾಂ
- ಹುರಿಗಡಲೆ ಒಂದು ಹಿಡಿ (30 ಗ್ರಾಂ): ಸುಮಾರು 6 ಗ್ರಾಂ

ಧಾನ್ಯದಲ್ಲಿ ಕಡಿಮೆಯಿರುವ ಅಂಶವನ್ನು ಬೇಳೆ ತುಂಬುತ್ತದೆ. 1950ರಲ್ಲಿ ಆರಂಭವಾದ ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಕೂಡ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ಅಗ್ಗದ ಪೌಷ್ಟಿಕ ಆಹಾರ ರೂಪಿಸಿತ್ತು. ಕಂದಮೂಲ, ಮಾಂಸ, ಮೊಟ್ಟೆ ಯಾವುದೂ ಇಲ್ಲದೆ ಸ್ನಾಯು ಉಳಿಸಿಕೊಳ್ಳಬಹುದು.

ಪಾಲಿಸಬೇಕಾದ್ದು

- ಬೇಳೆ, ಕಾಳನ್ನು ಮಧ್ಯಾಹ್ನಕ್ಕೇ ಮೀಸಲಿಡದೆ ಬೆಳಿಗ್ಗೆ ಮತ್ತು ಸಂಜೆಗೂ ಹಂಚಿ. ಹೆಸರುಬೇಳೆ ದೋಸೆ, ಪೊಂಗಲ್ ಆಗಬಹುದು.
- ಅಂಗಡಿಯಲ್ಲಿರುವವರು ಸಂಜೆ ಐದರ ಹೊತ್ತಿಗೆ ಡಬ್ಬಿ ತರಿಸಿಕೊಳ್ಳಿ. ಚುರುಮುರಿ ಊಟವಾಗದು.
- ದಿನವೂ ನಡೆಯಿರಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ದುಡಿಸದ ಸ್ನಾಯು ಬರೀ ಆಹಾರದಿಂದ ಬೆಳೆಯದು.
- ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ದಶಲಕ್ಷಣ ಪರ್ವದ ಉಪವಾಸ, ಏಕಭುಕ್ತಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ಮೂತ್ರಪಿಂಡದ ತೊಂದರೆಯಿರುವವರು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.