ಪಾಸಿಂಗ್ ಆಗದ ಕಾರು

ಬದಲಾಪುರಕ್ಕೆ ಆ ಹೆಸರು ಬಂದಿದ್ದು ಕುದುರೆಗಳಿಂದ ಎಂಬುದು ಊರಿನಲ್ಲಿ ಜನಜನಿತವಾದ ವಿವರಣೆ. ಕೊಂಕಣದಿಂದ ಗುಜರಾತಿನ ಕಡೆ ಹೋಗುವ ಸವಾರರು ದಣಿದ ಕುದುರೆಯನ್ನು ಇಲ್ಲಿ ಬದಲಿಸಿಕೊಳ್ಳುತ್ತಿದ್ದರಂತೆ. ಕುದುರೆ ಓಡಲು ಯೋಗ್ಯವೋ ಅಲ್ಲವೋ ಎಂದು ಆಗ ತೀರ್ಮಾನಿಸುತ್ತಿದ್ದವನು ಸವಾರನೇ. ಇಂದು ಅದೇ ಊರಿನ ವಾಹನಗಳು ಕಲ್ಯಾಣದ ಸಾರಿಗೆ ಕಚೇರಿಯ ಎಂಎಚ್ 05 ಫಲಕ ಹೊತ್ತು ಓಡುತ್ತವೆ. ಕರ್ನಾಟಕದಲ್ಲಿ ಲಾರಿಯವರು 'ಎಫ್‌ಸಿ ಮಾಡಿಸಬೇಕು' ಎನ್ನುತ್ತಾರೆ. ಠಾಣೆ, ಡೊಂಬಿವಲಿಯ ಕಡೆ ನೋಂದಣಿಗೂ ತಪಾಸಣೆಗೂ ಸೇರಿ ಒಂದೇ ಮಾತು: ಪಾಸಿಂಗ್. ಅಲ್ಲಿನ ಕನ್ನಡಿಗರ ಮನೆಗಳಲ್ಲೂ ಅದೇ ಮಾತು ನಡೆಯುತ್ತದೆ.

ಶಾಲೆಯ ಪರೀಕ್ಷೆಯಿಂದ ಬಂದ ಈ ಪದದೊಳಗೆ ಒಂದು ನಂಬಿಕೆ ಇದೆ. ವಾಹನವನ್ನು ಯಾರೋ ನೋಡುತ್ತಾರೆ, ಚೆನ್ನಾಗಿದ್ದರೆ ಪಾಸು, ಇಲ್ಲದಿದ್ದರೆ ಫೇಲು. ಹಾಗಾದರೆ ಒಬ್ಬಾತ ತನ್ನ ಕೈಯಾರೆ ಕಾರೊಂದನ್ನು ಕಟ್ಟಿ ಆ ಪರೀಕ್ಷೆಗೆ ತಂದು ನಿಲ್ಲಿಸಿದರೆ? ಈ ಪ್ರಶ್ನೆಗೆ ಬ್ರಿಟನ್ ಒಂದು ಉತ್ತರ ಕೊಟ್ಟಿದೆ. ಭಾರತದ ಉತ್ತರ ಬೇರೆ.

ಬ್ರಿಟನ್ನಿನಲ್ಲಿ ಕಿಟ್ ಕಾರು ಬೆಳೆದದ್ದು ತೆರಿಗೆಯ ನೆರಳಿನಲ್ಲಿ. ಎರಡನೇ ಮಹಾಯುದ್ಧದ ನಂತರ ಪೂರ್ಣಗೊಂಡ ಕಾರಿಗೆ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಟ್ಟಿಗೆ ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ಸಂದಿಯಲ್ಲೇ ಜನಪ್ರಿಯವಾಯಿತು. ಜೋಡಿಸುವ ಕೈಪಿಡಿ ಕೊಟ್ಟರೆ ತೆರಿಗೆ ಬೀಳುತ್ತದೆಂದು ಕಳಚುವ ಕೈಪಿಡಿ ಕೊಡುತ್ತಿದ್ದರು, ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳುತ್ತಿದ್ದರು ಎಂದು ಈಗಲೂ ಹೇಳುತ್ತಾರೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಲಾಭ ಹೋಯಿತು, ಹವ್ಯಾಸ ಮಾತ್ರ ಉಳಿಯಿತು. ಅದನ್ನು ನಿಷೇಧಿಸುವ ಬದಲು ಸರ್ಕಾರ 1998ರಲ್ಲಿ ಒಂಟಿ ವಾಹನಗಳಿಗೆಂದೇ ಪರೀಕ್ಷೆಯೊಂದನ್ನು ತಂದಿತು. 2009ರಲ್ಲಿ ಅದು ಐವಿಎ ಎಂಬ ಹೆಸರಿನಲ್ಲಿ ಇನ್ನಷ್ಟು ಬಿಗಿಯಾಯಿತು.

ಆ ಪರೀಕ್ಷೆಗೆ ಸಿದ್ಧತೆ ಎಂದರೆ ತಿಂಗಳುಗಟ್ಟಲೆ ಕೆಲಸ. ಹೊರಗೆ ಚಾಚಿದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಪಾದಚಾರಿಗೆ ತಾಗಿದರೆ ಕೊಯ್ಯಬಾರದು ಎಂಬುದು ಕಾರಣ. ಹಾಗಾಗಿ ಕಟ್ಟುವವರು ಬೋಲ್ಟಿನ ತುದಿಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ, ತಗಡಿನ ಅಂಚಿಗೆ ರಬ್ಬರ್ ಪಟ್ಟಿ ಹೊದಿಸುತ್ತಾರೆ. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಒಲವು ತೋರಬೇಕು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಬ್ರೇಕು, ಕನ್ನಡಿ, ಸದ್ದು, ಹೊಗೆ, ಸೀಟ್ ಬೆಲ್ಟಿನ ಬಿಗಿತಾಣ ಎಲ್ಲವನ್ನೂ ಪರೀಕ್ಷಕ ನೋಡುತ್ತಾನೆ. ಫೇಲಾದರೆ ಕಾರಣಗಳ ಪಟ್ಟಿ ಕೈಗೆ ಬರುತ್ತದೆ. ಸರಿಪಡಿಸಿ ಮತ್ತೆ ಬರಬಹುದು.

ಭಾರತದಲ್ಲಿ ಹಾಗೆ ಮತ್ತೆ ಬರುವ ಮಾತೇ ಇಲ್ಲ, ಏಕೆಂದರೆ ಒಳಗೆ ಹೋಗುವ ಬಾಗಿಲೇ ಬೇರೆ ಕಡೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಹೊಸ ವಾಹನದ ನೋಂದಣಿಗೆ ಅರ್ಜಿಯ ಜೊತೆ ಎರಡು ಕಾಗದ ಮುಖ್ಯ. ನಮೂನೆ 21 ಮಾರಾಟದ ಪತ್ರ. ನಮೂನೆ 22 ರಸ್ತೆಯೋಗ್ಯತೆಯ ಪತ್ರ. ಈ ಎರಡನೆಯದನ್ನು ಕೊಡುವವರು ಸಾರಿಗೆ ಇನ್‌ಸ್ಪೆಕ್ಟರ್ ಅಲ್ಲ, ತಯಾರಕರು. ಆ ತಯಾರಕರು 126ನೇ ನಿಯಮದ ಪ್ರಕಾರ ತಮ್ಮ ಮಾದರಿ ವಾಹನವನ್ನು ಮೊದಲೇ ಪುಣೆಯ ಎಆರ್‌ಎಐ ಅಥವಾ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ವಿಆರ್‌ಡಿಇಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಿರಬೇಕು. ಒಂದು ಮಾದರಿ ಪಾಸಾದರೆ ಅದರಂತೆಯೇ ತಯಾರಾದ ಲಕ್ಷ ಕಾರುಗಳು ಪಾಸು. ಪರೀಕ್ಷೆಯ ಖರ್ಚು ಲಕ್ಷ ಕಾರುಗಳ ಮೇಲೆ ಹಂಚಿಹೋಗುತ್ತದೆ. ಒಂದೇ ಕಾರು ಕಟ್ಟಿದವನಿಗೆ ಆ ಇಡೀ ಖರ್ಚು ಒಂದೇ ಕಾರಿನ ಮೇಲೆ. ಬದಲಾಪುರದಿಂದ ಪುಣೆಗೆ ಒಂದೇ ರೈಲು ಮಾರ್ಗ, ಆದರೆ ಅವನ ಕಾರಿಗೆ ಆ ದಾರಿ ಬಹಳ ದೂರ.

ಮೊದಲು ಹೀಗಿರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ರಚನೆ, ಸಲಕರಣೆಗಳ ಬಗ್ಗೆ ನಿಯಮ ಮಾಡುವ ಅಧಿಕಾರ ಪ್ರಾಂತ್ಯ ಸರ್ಕಾರಗಳಿಗಿತ್ತು. ಆ ಕಾಲದಲ್ಲೇ ಕರ್ನಾಟಕದ ಗಡಿಗೆ ಅಂಟಿಕೊಂಡ ಇಚಲಕರಂಜಿಯಲ್ಲಿ ಹೆಚ್ಚು ಓದಿರದ ಶಂಕರರಾವ್ ಕುಲಕರ್ಣಿ ತಾವೇ ಒಂದು ಪುಟ್ಟ ಕಾರು ಕಟ್ಟಿದರು. 1940ರ ದಶಕದಲ್ಲಿ ಶುರುವಾದ ಆ ಕೆಲಸ ಒಂದರ ನಂತರ ಒಂದು ಮಾದರಿಯಾಗಿ 1970ರ ದಶಕದವರೆಗೂ ನಡೆಯಿತು. ಕಾರಿನ ಹೆಸರು ಮೀರಾ. ಎಂಜಿನ್ ಹಿಂದೆ, ಬೆಲೆ ಸುಮಾರು 12 ಸಾವಿರ ರೂಪಾಯಿ ಎಂಬ ಲೆಕ್ಕಾಚಾರ. ಅದು ರಸ್ತೆಯಲ್ಲಿ ಓಡಿತು, ಕಾರ್ಖಾನೆಯಲ್ಲಿ ಮಾತ್ರ ತಯಾರಾಗಲಿಲ್ಲ. ಅದೇ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ಫೈಬರ್ ಗ್ಲಾಸ್ ಮೈಯ ಮೂರು ಗಾಲಿಯ 'ಬಾದಲ್' ತಂದಿತು. ಸಿಪಾನಿ ಎಂದು ಹೆಸರು ಬದಲಿಸಿಕೊಂಡು 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ 'ಡಾಲ್ಫಿನ್' ತಯಾರಿಸಿತು. ಕಾರು ಎಂದರೆ ದೊಡ್ಡ ಕಂಪನಿಯದ್ದೇ ಆಗಬೇಕು ಎಂಬ ಮಾತು ಆಗಿನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ.

1988ರ ಕಾಯ್ದೆ ವಾಹನದ ರಚನೆಯ ನಿಯಮಗಳನ್ನು ಕೇಂದ್ರದ ಕೈಗೆ ಕೊಟ್ಟಿತು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 52ನೇ ಕಲಮನ್ನು ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಇಂದು ಕಲ್ಯಾಣ ಡೊಂಬಿವಲಿಯ ಗ್ಯಾರೇಜಿನಲ್ಲಿ 'ಕಿಟ್' ಎಂದರೆ ಸಿಎನ್‌ಜಿ ಕಿಟ್. ಅದೂ ಅನುಮೋದಿತವಾಗಿರಬೇಕು, ನೋಂದಣಿ ಪತ್ರದಲ್ಲಿ ದಾಖಲಾಗಬೇಕು, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

2021ರ ಡಿಸೆಂಬರಿನಲ್ಲಿ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಿಂದ ಒಂದು ವಿಡಿಯೊ ದೇಶವೆಲ್ಲ ಸುತ್ತಿತು. ಯಶವಂತರಾವ್ ಚವ್ಹಾಣ್ ಹುಟ್ಟಿದ ಊರು ಅದು. ಅಲ್ಲಿನ ಕಸುಬುದಾರರೊಬ್ಬರು ಮಗನ ಆಸೆಗಾಗಿ ಗುಜರಿ ಸಾಮಾನಿನಿಂದ ಸುಮಾರು 60 ಸಾವಿರ ರೂಪಾಯಿಯಲ್ಲಿ ನಾಲ್ಕು ಗಾಲಿಯ ವಾಹನ ಕಟ್ಟಿದ್ದರು. ಸ್ಕೂಟರಿನಂತೆ ಒದ್ದು ಚಾಲೂ ಮಾಡಬೇಕು. ಆನಂದ್ ಮಹೀಂದ್ರ ಮೆಚ್ಚಿದರು. ನಿಯಮಕ್ಕೆ ಹೊಂದದ ಕಾರಣ ಅಧಿಕಾರಿಗಳು ಇದನ್ನು ಎಂದಾದರೂ ತಡೆದೇ ತಡೆಯುತ್ತಾರೆ ಎಂದೂ ಹೇಳಿ, ಬದಲಿಗೆ ಬೊಲೆರೊ ಕೊಡುವುದಾಗಿ ಬರೆದರು. 2022ರ ಜನವರಿಯಲ್ಲಿ ಬೊಲೆರೊ ಬಂತು. ಕಟ್ಟಿದ ಕಾರಿಗೆ ಸನ್ಮಾನ ಸಿಕ್ಕಿತು, ರಸ್ತೆ ಸಿಕ್ಕಿದ್ದು ಕಂಪನಿಯ ಕಾರಿಗೆ.

ಇದನ್ನು ಅನ್ಯಾಯ ಎಂದು ಒಂದೇ ಮಾತಿನಲ್ಲಿ ಮುಗಿಸಲಾಗದು. ಅದೇ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಮನೆಯಲ್ಲಿ ಬೆಸುಗೆ ಹಾಕಿದ ಬ್ರೇಕ್ ಪೆಡಲು ಮುರಿದರೆ ಪೆಟ್ಟು ಬೀಳುವುದು ಕಟ್ಟಿದವನಿಗಷ್ಟೇ ಅಲ್ಲ, ರಸ್ತೆ ದಾಟುತ್ತಿದ್ದ ಮಗುವಿಗೂ. ಹಾಗಾಗಿ ಪರೀಕ್ಷೆ ಬೇಕೇ ಬೇಕು. ಆದರೆ ಬ್ರಿಟನ್ನಿನ ಪರೀಕ್ಷಕ ಬೋಲ್ಟಿನ ತುದಿಗೆ ಬೆರಳಿಟ್ಟು ಇದು ಚೂಪಾಗಿದೆ ಎನ್ನುತ್ತಾನೆ. ಕಟ್ಟಿದವನು ಅದನ್ನು ಉಜ್ಜಿ ದುಂಡಗೆ ಮಾಡುವಾಗ ಕಾರಣವನ್ನೂ ಕಲಿಯುತ್ತಾನೆ. ನಮ್ಮಲ್ಲಿ ಆ ಬೆರಳು ಕಾರಿನವರೆಗೆ ಬರುವುದೇ ಇಲ್ಲ. ದೇವರಾಷ್ಟ್ರೆಯ ವಾಹನದ ಬ್ರೇಕು ಚೆನ್ನಾಗಿತ್ತೋ ಇಲ್ಲವೋ ಎಂಬುದು ಯಾವ ನಮೂನೆಯಲ್ಲೂ ದಾಖಲಾಗಬೇಕಾದ ಪ್ರಶ್ನೆಯಾಗಿರಲಿಲ್ಲ. ಅದು ಫೇಲಾದ ಕಾರಲ್ಲ, ಪರೀಕ್ಷೆಗೆ ಕೂರಲು ಹಾಜರಾತಿ ಪಟ್ಟಿಯಲ್ಲಿ ಹೆಸರೇ ಇಲ್ಲದ ಕಾರು.