ಅಂಜದೀವದ ಎದುರು ಒಣಗಿದ ಮೀನು

ಮೊನ್ನೆ ಹಲಸಿನ ಬೀಜಕ್ಕೆ ಒಣಶೆಟ್ಲಿ ಹಾಕಿ ಸಾರು ಮಾಡಿದ್ದೆ. ಸೊಸೆ ಕೇಳಿದ್ಳು, "ಅತ್ತೆ, ಫ್ರಿಜ್ಜಲ್ಲಿ ಹಸಿ ಮೀನಿದ್ರೂ ಒಣಗಿದ್ದೇ ಯಾಕೆ?" ಉತ್ತರ ಹೇಳ್ಬೇಕಂದ್ರೆ ನನ್ನ ಅತ್ತೆಯ ಊರಿಗೆ ಹೋಗ್ಬೇಕು.

ಅವರದ್ದು ಕಾರವಾರದ ಅರ್ಗಾ. ದಂಡೆಗೆ ಬಂದ್ರೆ ಎದುರಿಗೇ ಅಂಜದೀವ ನಡುಗಡ್ಡೆ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ಹಡಗು ನಿಲ್ಲಿಸಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ರು. 1660ರ ದಶಕದಲ್ಲಿ ಮುಂಬೈ ವಶಕ್ಕೆ ತಕ್ಕೊಳ್ಳೋಕೆ ಬಂದ ಇಂಗ್ಲಿಷ್ ಸಿಪಾಯಿಗಳು ಅಲ್ಲಿ ಕಾದು ಕುಳಿತು, ರೋಗ ಬಂದು ನೂರಾರು ಜನ ಸತ್ರು. ಇದೆಲ್ಲ ಪುಸ್ತಕದಲ್ಲಿದೆ. ನಮ್ಮೋರು ಮಳೆಗಾಲ ಹ್ಯಾಂಗೆ ಕಳೀತಿದ್ರು ಅನ್ನೋದು ಮಾತ್ರ ಅಡುಗೆಮನೇಲೇ ಉಳೀತು.

ಆಗೆಲ್ಲ ಮಳೆ ಹಿಡಿದ್ರೆ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡೋ ತನಕ ದೋಣಿ ಇಳಿಸ್ತಿರ್ಲಿಲ್ಲ. ಅದಕ್ಕೇ ಬೇಸಿಗೇಲಿ ಒಣಗಿಸಿ ಇಡೋದು. ಬಂಗಡೆ ಸೀಳಿ, ತೊಳೆದು, ಉಪ್ಪು ತುಂಬಿ ಒಣಗಿಸೋರು. ಶೆಟ್ಲಿಯನ್ನ ಹಾಗೇ ಮರಳ ಮೇಲೆ ಹರಡೋರು. ಕಾಗೆ, ಬೆಕ್ಕು ಕಾಯೋದು ಮಕ್ಕಳ ಕೆಲಸ. ಮಳೇಲಿ ಒಣಬಂಗಡೆ ಕೆಂಡದ ಮೇಲೆ ಸುಟ್ಟು, ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ರೆ, ಒಂದು ತುಂಡಿಗೆ ಒಂದು ತಟ್ಟೆ ಗಂಜಿ ಹೋಗ್ತಿತ್ತು. ಒಣಶೆಟ್ಲಿಯ ತಲೆ, ಕಾಲು ತೆಗೆದು ಹುರಿದು, ಕಾಯಿ, ಮೆಣಸು, ಮುರುಗಲ ಸಿಪ್ಪೆ ಕೂಡಿಸಿ ಅರೆದ್ರೆ ಚಟ್ನಿ. ಹಲಸಿನ ಬೀಜದ ಸಾರಿಗೆ ಮಾತ್ರ ಶೆಟ್ಲಿಯನ್ನ ಕಡೇಲಿ ಹಾಕ್ಬೇಕು, ಮೊದಲೇ ಹಾಕಿದ್ರೆ ರುಚಿಯೆಲ್ಲ ನೀರಿಗೆ ಹೋಗ್ತದೆ.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಆಮೇಲೆ ದಂಡೆಯ ಊರುಗಳು ಎದ್ದವು, ಜನ ಪುನರ್ವಸತಿ ಕಾಲನಿಗಳಿಗೆ ಹೋದ್ರು. 2005ರಲ್ಲಿ ನೆಲೆ ಶುರುವಾಯ್ತು. ಈಗ ಅಂಜದೀವಕ್ಕೂ ದಡಕ್ಕೂ ನಡುವೆ ಕಲ್ಲಿನ ತಡೆಗೋಡೆ ಕಟ್ಟಿದ್ದಾರೆ. ಹಿಂದೆ ಅಲ್ಲಿಯ ಇಗರ್ಜಿ ಹಬ್ಬಕ್ಕೆ ಜನ ದೋಣೀಲಿ ಹೋಗ್ತಿದ್ರು. ಈಗ ಗೋಡೆ ಉಂಟು, ನಮಗೆ ದಾರಿ ಇಲ್ಲ.

ಅತ್ತೆಗೆ ಹೊಸ ಮನೆ ಸಿಕ್ತು, ನಳದ ನೀರೂ ಬಂತು. ಮೀನು ಒಣಗಿಸೋ ಮರಳು ಸಿಗಲಿಲ್ಲ. ಟೆರೇಸ್ ಮೇಲೆ ತಾಡಪಾಲು ಹಾಸಿ ಒಣಗಿಸಿದ್ರು. "ಮರಳು ಅಡಿಯಿಂದ ನೀರು ಎಳೀತದೆ, ತಾಡಪಾಲು ಬೇಯಿಸ್ತದೆ" ಅಂತ ಕಡೇ ತನಕ ಗೊಣಗ್ತಿದ್ರು. ಪಕ್ಕದವರು ವಾಸನೆ ಅಂತ ಮುಖ ತಿರುಗಿಸಿದ್ಮೇಲೆ ಅದನ್ನೂ ಬಿಟ್ರು.

ಇದನ್ನೆಲ್ಲ ಸೊಸೆಗೆ ಹೇಳಿದೆ. ಅವಳು ಸುಮ್ಮನೆ ಇನ್ನೊಂದು ಸೌಟು ಸಾರು ಬಡಿಸ್ಕೊಂಡ್ಳು. ಬರೋ ಬೇಸಿಗೇಲಿ ಅಂಕೋಲೆಯ ನಮ್ಮ ಟೆರೇಸ್ ಮೇಲೆ ಮರಳು ಹಾಸಿ, ಹಳೇ ಸೀರೆ ಮುಚ್ಚಿ ಶೆಟ್ಲಿ ಒಣಗಿಸ್ತೇವೆ. ವಾಸನೆ ಬಂದ್ರೆ ಬೈಬೇಡಿ, ಒಂದು ಡಬ್ಬಿ ತಕ್ಕೊಂಡು ಬನ್ನಿ.