ವೀರೇಂದ್ರ ಪಾಟೀಲ

ವೀರೇಂದ್ರ ಪಾಟೀಲ (28 ಫೆಬ್ರುವರಿ 1924 – 14 ಮಾರ್ಚ್ 1997): ಕಲಬುರಗಿ ಜಿಲ್ಲೆಯ ಚಿಂಚೋಳಿಯಿಂದ ಬಂದ ರಾಜಕಾರಣಿ. ಎರಡು ಸಲ ರಾಜ್ಯದ ಮುಖ್ಯಮಂತ್ರಿ (1968–71, 1989–90), ಇಂದಿರಾ ಗಾಂಧಿ ಮತ್ತು ರಾಜೀವ್ ಗಾಂಧಿ ಸಂಪುಟಗಳಲ್ಲಿ ಕೇಂದ್ರ ಸಚಿವ. ಹಿಂದಿನ ಹೈದರಾಬಾದ್ ಕರ್ನಾಟಕದಿಂದ, ಅಂದರೆ ಇಂದಿನ ಕಲ್ಯಾಣ ಕರ್ನಾಟಕದಿಂದ, ಮುಖ್ಯಮಂತ್ರಿಯಾದವರಲ್ಲಿ ಇವರೇ ಮೊದಲಿಗರು. ಎರಡು ಸಲವೂ ಅವಧಿ ತುಂಬುವ ಮೊದಲೇ ಕುರ್ಚಿ ಬಿಟ್ಟರು. ಎರಡು ಸಲವೂ ಅದಕ್ಕೆ ಕಾರಣ ವಿಧಾನಸೌಧಕ್ಕಿಂತ ಹೆಚ್ಚಾಗಿ ದೆಹಲಿಯಲ್ಲಿತ್ತು.

ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಕಾಲದಿಂದಲೂ ಈ ಸೀಮೆ ಅಧಿಕಾರಕ್ಕೆ ಹತ್ತಿರದ್ದೆನಿಸಿದ್ದುಂಟು. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಮಾತ್ರ ಅದು ದೂರದ ಮೂಲೆಯಾಗಿತ್ತು. ಕಚೇರಿಯ ಭಾಷೆ ಉರ್ದು, ದೊಡ್ಡ ಓದಿಗೂ ದೊಡ್ಡ ನ್ಯಾಯಕ್ಕೂ ಹೈದರಾಬಾದಿಗೇ ಹೋಗಬೇಕು. ಚಿಂಚೋಳಿಯಂತೂ ಇನ್ನೂ ಒಳನಾಡು: ಕಮಲಾಪುರ ದಾಟಿ ಪೂರ್ವಕ್ಕೆ, ಕಾಡು ಮತ್ತು ತೊಗರಿ ಹೊಲಗಳ ನಡುವೆ, ತೆಲಂಗಾಣದ ಗಡಿಗೆ ಒತ್ತಿಕೊಂಡ ತಾಲ್ಲೂಕು. ಸಂತೆಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಸಲೀಸಾಗಿ ಕೇಳುವ ಊರು. 17 ಸೆಪ್ಟೆಂಬರ್ 1948ರಂದು ನಿಜಾಮರ ಸೇನೆ ಶರಣಾದಾಗ ಪಾಟೀಲರಿಗೆ ಇಪ್ಪತ್ನಾಲ್ಕು ವರ್ಷ. ಕಾನೂನು ಓದಿ ವಕೀಲರಾದ ಅವರು ಕಾಂಗ್ರೆಸ್ ಮೂಲಕ ರಾಜಕೀಯಕ್ಕೆ ಬಂದರು. 1 ನವೆಂಬರ್ 1956ರಂದು ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರ ಕಾರ್ಯಕ್ಷೇತ್ರ ಬೆಂಗಳೂರಾಯಿತು. 1957ರ ಚುನಾವಣೆಯಿಂದ ಚಿಂಚೋಳಿಯೇ ಅವರ ವಿಧಾನಸಭಾ ಕ್ಷೇತ್ರ.

ಹೊಸ ರಾಜ್ಯದಲ್ಲಿ ಹಳೇ ಮೈಸೂರು ಮತ್ತು ಮುಂಬೈ ಕರ್ನಾಟಕದ ನಾಯಕರದೇ ದೊಡ್ಡ ದನಿ. ಹೈದರಾಬಾದ್ ಭಾಗದಿಂದ ಬಂದವರು ಒಂದು ಗುಂಪಿಗೆ ಸೇರಿಕೊಂಡೇ ಮೇಲೇಳಬೇಕಿತ್ತು. ಪಾಟೀಲರು ಸೇರಿದ್ದು ಎಸ್. ನಿಜಲಿಂಗಪ್ಪನವರ ಬಳಗಕ್ಕೆ. ನಿಜಲಿಂಗಪ್ಪ ಸಂಪುಟದಲ್ಲಿ ಲೋಕೋಪಯೋಗಿ ಸಚಿವರಾಗಿ ಕಡತ ಚೆನ್ನಾಗಿ ಬಲ್ಲವರು, ಮಾತು ಕಡಿಮೆ ಆಡುವವರು ಎಂಬ ಹೆಸರು ಪಡೆದರು. ಅದೇ ಸಂಪುಟದ ಇನ್ನೊಬ್ಬ ಯುವ ಸಚಿವ ರಾಮಕೃಷ್ಣ ಹೆಗಡೆ. ಇಬ್ಬರನ್ನೂ ನಿಜಲಿಂಗಪ್ಪನವರ ‘ಲವ–ಕುಶ’ ಎಂದು ಪತ್ರಿಕೆಗಳು ಕರೆದವು. ಮುಂದೆ ಈ ಜೋಡಿ ಬೇರೆ ಬೇರೆ ಪಕ್ಷ ಹಿಡಿದು ಎದುರುಬದುರಾದ ಮೇಲೂ ಆ ಹೆಸರು ಅಳಿಯಲಿಲ್ಲ.

ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದ್ದರಿಂದ 29 ಮೇ 1968ರಂದು ಪಾಟೀಲರು ಮುಖ್ಯಮಂತ್ರಿಯಾದರು. ವಯಸ್ಸು ನಲವತ್ನಾಲ್ಕು. ಹೆಗಡೆಯವರಿಗೆ ಹಣಕಾಸು ಖಾತೆ. ಗುರು ದೆಹಲಿಯಲ್ಲಿ, ಶಿಷ್ಯರು ಬೆಂಗಳೂರಿನಲ್ಲಿ. ಒಂದು ವರ್ಷ ಆಡಳಿತ ನಿರಾತಂಕವಾಗಿ ನಡೆಯಿತು. ಈ ಅವಧಿಯ ಕೆಲಸಗಳಲ್ಲಿ ಎರಡನ್ನು ಹೇಳಬೇಕು. 1970ರಲ್ಲಿ ಮೈಸೂರು ವಿದ್ಯುತ್ ನಿಗಮ ಹುಟ್ಟಿತು. ವಿದ್ಯುತ್ ಉತ್ಪಾದನೆಗೆಂದೇ ಪ್ರತ್ಯೇಕ ಸರ್ಕಾರಿ ಕಂಪನಿ ಕಟ್ಟಿದ್ದು ಆಗ ದೇಶಕ್ಕೇ ಹೊಸದು. ಮುಂದೆ ಕಾಳಿ ನದಿ ಯೋಜನೆ ಕಟ್ಟಿದ್ದು, ಕರ್ನಾಟಕ ವಿದ್ಯುತ್ ನಿಗಮವೆಂದು ಹೆಸರಾದದ್ದು ಇದೇ ಸಂಸ್ಥೆ. ಅದೇ ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕಲಬುರಗಿಗೆ ಬಂತು. ಹತ್ತು ವರ್ಷದ ನಂತರ ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಆ ಬೀಜವೇ. ಆದರೂ ತವರಿನ ಭಾಗಕ್ಕೆ ವಿಶೇಷವಾಗಿ ಏನು ಮಾಡಿದರು ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ಪಾಟೀಲರ ಸ್ವಭಾವಕ್ಕೆ ಪ್ರಾದೇಶಿಕ ಹೋರಾಟಗಾರನ ಪಾತ್ರ ಒಗ್ಗುತ್ತಿರಲಿಲ್ಲ. ಇಡೀ ರಾಜ್ಯದ ಆಡಳಿತಗಾರ ಎನಿಸಿಕೊಳ್ಳುವುದೇ ಅವರಿಗೆ ಇಷ್ಟ.

ಜುಲೈ 1969ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಸೇರಿತು. ಅತಿಥೇಯ ರಾಜ್ಯದ ಮುಖ್ಯಮಂತ್ರಿ ಪಾಟೀಲರು. ಇಂದಿರಾ ಗಾಂಧಿ ಮತ್ತು ಹಿರಿಯರ ಕೂಟದ ನಡುವಿನ ಬಿರುಕು ಅಲ್ಲೇ ಬಾಯಿಬಿಟ್ಟಿತು. ಅದೇ ತಿಂಗಳು ಬ್ಯಾಂಕುಗಳ ರಾಷ್ಟ್ರೀಕರಣ, ಆಗಸ್ಟಿನಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿಯವರ ಸೋಲು, ನವೆಂಬರಿನಲ್ಲಿ ನಿಜಲಿಂಗಪ್ಪನವರಿಂದ ಇಂದಿರಾ ಉಚ್ಚಾಟನೆ. ಪಕ್ಷ ಎರಡಾಯಿತು. ಪಾಟೀಲರು ಗುರುವಿನ ಜೊತೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ರಾಜ್ಯದಲ್ಲಿ ಶಾಸಕರ ಬಲ ಅವರ ಕಡೆಗೇ ಇದ್ದುದರಿಂದ ಸರ್ಕಾರ ಒಡನೆ ಬೀಳಲಿಲ್ಲ. 1971ರ ಲೋಕಸಭಾ ಚುನಾವಣೆ ಆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಇಪ್ಪತ್ತೇಳೂ ಇಂದಿರಾ ಪಾಲಾದವು. ಫಲಿತಾಂಶ ಬಂದ ಕೂಡಲೇ ಶಾಸಕರ ಗುಳೆ ಶುರುವಾಯಿತು. ಮಾರ್ಚ್ 1971ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟರು, ರಾಷ್ಟ್ರಪತಿ ಆಳ್ವಿಕೆ ಬಂತು. ಮರುವರ್ಷ ಗೆದ್ದು ಮುಖ್ಯಮಂತ್ರಿಯಾದವರು ದೇವರಾಜ ಅರಸು. ಪಾಟೀಲರು ರಾಜ್ಯಸಭೆಗೆ ಹೋದರು. ತುರ್ತುಪರಿಸ್ಥಿತಿಯ ನಂತರ ಸಂಸ್ಥಾ ಕಾಂಗ್ರೆಸ್ಸಿನ ಜೊತೆಗೇ ಜನತಾ ಪಕ್ಷದಲ್ಲಿ ಬೆರೆತರು.

ದೇಶವೆಲ್ಲ ಅವರ ಹೆಸರು ಕೇಳಿದ್ದು ಅಧಿಕಾರದಲ್ಲಿದ್ದಾಗಲ್ಲ, ಒಂದು ಸೋಲಿನಲ್ಲಿ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಲು ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಸ್ಥಾನ ಬಿಟ್ಟುಕೊಟ್ಟರು. ನವೆಂಬರ್ 1978ರ ಆ ಉಪಚುನಾವಣೆಯಲ್ಲಿ ಜನತಾ ಪಕ್ಷದ ಅಭ್ಯರ್ಥಿ ವೀರೇಂದ್ರ ಪಾಟೀಲ. ಕಾಫಿ ತೋಟದ ದಾರಿಗಳಲ್ಲಿ ದೇಶ–ವಿದೇಶದ ಪತ್ರಕರ್ತರ ಜೀಪುಗಳು ಓಡಾಡಿದವು. ಜಾರ್ಜ್ ಫರ್ನಾಂಡಿಸ್ ಪಾಟೀಲರ ಪರ ಊರೂರು ಸುತ್ತಿದರು. ಅತ್ತ ಮುಖ್ಯಮಂತ್ರಿ ಅರಸು ಇಂದಿರಾ ಪರ ತಮ್ಮ ಬಲವನ್ನೆಲ್ಲ ಹಾಕಿದರು. ಬಯಲುಸೀಮೆಯ ಪಾಟೀಲರಿಗೆ ಮಲೆನಾಡಿನ ಆ ಕ್ಷೇತ್ರದಲ್ಲಿ ಸ್ವಂತ ಬೇರಿರಲಿಲ್ಲ. 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಸೋಲಿಗಿಂತ ಅದರ ನಂತರದ ಎರಡು ವರ್ಷವೇ ಕುತೂಹಲದ್ದು. ಇಂದಿರಾರನ್ನು ಗೆಲ್ಲಿಸಿದ ಅರಸು 1979ರಲ್ಲಿ ಅವರಿಂದ ದೂರವಾದರು. ಇಂದಿರಾ ಎದುರು ಸೋತ ಪಾಟೀಲರು ಅವರ ಪಕ್ಷ ಸೇರಿ, 1980ರ ಜನವರಿಯಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದರು. ಆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಕಾಂಗ್ರೆಸ್ (ಐ) ಪಾಲಾದವು. ಇದನ್ನು ಅವಕಾಶವಾದ ಎಂದವರುಂಟು. ಆ ಮೂರು ವರ್ಷಗಳಲ್ಲಿ ನಿಂತಲ್ಲೇ ನಿಂತ ಕರ್ನಾಟಕದ ನಾಯಕರು ಎಷ್ಟು ಜನ ಎಂದು ಎಣಿಸಿದರೆ ಆ ಟೀಕೆಯ ಮೊನೆ ತುಸು ಮೊಂಡಾಗುತ್ತದೆ.

ಕೇಂದ್ರದಲ್ಲಿ ಅವರಿಗೆ ಸಿಕ್ಕ ಖಾತೆಗಳು ಸಣ್ಣವಲ್ಲ. 1980ರಲ್ಲಿ ಪೆಟ್ರೋಲಿಯಂ ಮತ್ತು ರಾಸಾಯನಿಕ: ಅಸ್ಸಾಂ ಚಳವಳಿಗಾರರು ಕಚ್ಚಾತೈಲ ಹೊರಹೋಗದಂತೆ ತಡೆದಿದ್ದ, ಇರಾನ್–ಇರಾಕ್ ಯುದ್ಧ ಶುರುವಾದ ವರ್ಷ ಅದು. ಆಮೇಲೆ ಹಡಗು ಮತ್ತು ಸಾರಿಗೆ, ನಂತರ ಕಾರ್ಮಿಕ ಖಾತೆ. 1984ರ ಡಿಸೆಂಬರಿನಲ್ಲಿ ಅವರು ಕೊನೆಗೂ ತವರು ಜಿಲ್ಲೆಯ ಲೋಕಸಭಾ ಕ್ಷೇತ್ರದಿಂದ ಗೆದ್ದರು. ಕಲಬುರಗಿ ಆಗ ಕಾಂಗ್ರೆಸ್ಸಿನ ಭದ್ರ ಕೋಟೆ. ಎಷ್ಟು ಭದ್ರವೆಂದರೆ 1980ರಲ್ಲಿ ಅಲ್ಲಿ ಗೆದ್ದ ಜೇವರ್ಗಿಯ ಧರ್ಮಸಿಂಗ್ ರಾಜೀನಾಮೆ ಕೊಟ್ಟು, ದೆಹಲಿಯಲ್ಲಿ ವಾಜಪೇಯಿ ಎದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ ಸ್ಥಾನ ಬಿಟ್ಟುಕೊಟ್ಟಿದ್ದರು. ಭಾಷೆ ಬಾರದ ಹೊರಗಿನವರನ್ನೂ ಕಲಬುರಗಿ ಗೆಲ್ಲಿಸಿ ಕಳಿಸಿತು. 1984ರ ಆರಂಭದಲ್ಲಿ ಸ್ಟೀಫನ್ ತೀರಿಕೊಂಡರು. ವರ್ಷದ ಕೊನೆಯ ಚುನಾವಣೆಯಲ್ಲಿ ಆ ಸ್ಥಾನ ಪಾಟೀಲರದಾಯಿತು. ರಾಜೀವ್ ಗಾಂಧಿ ಸಂಪುಟದಲ್ಲಿ ರಾಸಾಯನಿಕ ಹಾಗೂ ರಸಗೊಬ್ಬರ, ಕೈಗಾರಿಕೆ ಖಾತೆಗಳು ಅವರ ಕೈಗೆ ಬಂದಾಗ ಭೋಪಾಲ್ ಅನಿಲ ದುರಂತಕ್ಕೆ ತಿಂಗಳೂ ತುಂಬಿರಲಿಲ್ಲ. ಸಂತ್ರಸ್ತರ ಪರವಾಗಿ ಪರಿಹಾರ ಕೇಳುವ ಹಕ್ಕನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡ 1985ರ ಕಾಯ್ದೆ ಈ ಖಾತೆಯ ಅವಧಿಯದು. ಆ ಕಾಯ್ದೆ ಸಂತ್ರಸ್ತರಿಗೆ ನೆರವಾಯಿತೋ ಅವರ ಬಾಯಿ ಕಟ್ಟಿತೋ ಎಂಬ ವಾದ ಇನ್ನೂ ಮುಗಿದಿಲ್ಲ. 1985ರ ಸೆಪ್ಟೆಂಬರಿನಲ್ಲಿ ಅವರು ಸಂಪುಟದಿಂದ ಹೊರಬಂದರು.

ರಾಜ್ಯಕ್ಕೆ ಮರಳಿದ ಪಾಟೀಲರು ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾದರು. ಎದುರಿಗೆ ಹಳೆಯ ಜೊತೆಗಾರ ಹೆಗಡೆಯವರ ಜನತಾ ಪರಿವಾರ. ಅದು ಒಳಜಗಳದಲ್ಲಿ ಒಡೆದಿತ್ತು, ಎಸ್.ಆರ್. ಬೊಮ್ಮಾಯಿ ಸರ್ಕಾರ ಏಪ್ರಿಲ್ 1989ರಲ್ಲಿ ವಜಾ ಆಗಿತ್ತು. ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಜನತಾದಳಕ್ಕೆ 24, ಬಿಜೆಪಿಗೆ 4. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಚುನಾವಣೆಯಲ್ಲಿ ಇದು ಸಣ್ಣ ಸಾಧನೆಯಲ್ಲ. ಲಿಂಗಾಯತ ಮುಖಂಡರಾದ ಪಾಟೀಲರು ಮುಂದೆ ನಿಂತದ್ದರಿಂದ, ಅರಸು ಕಾಲದಿಂದ ಪಕ್ಷದಿಂದ ದೂರವಿದ್ದ ಆ ಸಮುದಾಯದ ದೊಡ್ಡ ಪಾಲು ಮರಳಿ ಬಂದದ್ದು ಗೆಲುವಿನ ಒಂದು ಮುಖ್ಯ ಕಾರಣ. ಚಿಂಚೋಳಿಯಿಂದಲೇ ಗೆದ್ದ ಪಾಟೀಲರು 30 ನವೆಂಬರ್ 1989ರಂದು ಎರಡನೇ ಸಲ ಪ್ರಮಾಣವಚನ ತೆಗೆದುಕೊಂಡರು.

ಈ ಸಲ ಅವರು ಮೊದಲಿಗಿಂತ ಗಟ್ಟಿಯಾಗಿದ್ದರು, ದೇಹಕ್ಕೆ ಮಾತ್ರ ವಯಸ್ಸಾಗಿತ್ತು. ಸಾರಾಯಿ ಗುತ್ತಿಗೆದಾರರ ಹಿಡಿತಕ್ಕೆ ಕೈಹಾಕಿದರು. ಖಜಾನೆಗೆ ಬರಬೇಕಾದ ಅಬಕಾರಿ ಹಣ ಎಲ್ಲಿ ಸೋರುತ್ತಿದೆ ಎಂದು ಹುಡುಕಿದರು. ಪಕ್ಷಕ್ಕೆ ಚುನಾವಣಾ ಖರ್ಚು ಹೊಂದಿಸುತ್ತಿದ್ದವರೇ ಆ ಗುತ್ತಿಗೆದಾರರಾದ್ದರಿಂದ ಒಳಗಿನ ಶತ್ರುಗಳು ಬೇಗ ಒಟ್ಟುಗೂಡಿದರು. ಅಷ್ಟರಲ್ಲಿ ಪಾಟೀಲರು ಆರೋಗ್ಯ ಕೆಟ್ಟು ಹಾಸಿಗೆ ಹಿಡಿದರು. ಅಯೋಧ್ಯೆ ರಥಯಾತ್ರೆಯ ಬಿಸಿಯಲ್ಲಿ ಅಕ್ಟೋಬರ್ 1990ರ ಹೊತ್ತಿಗೆ ಚನ್ನಪಟ್ಟಣ, ರಾಮನಗರ, ದಾವಣಗೆರೆ ಕಡೆ ಕೋಮುಗಲಭೆ ಹೊತ್ತಿತು. ಪರಿಸ್ಥಿತಿ ನೋಡಲು ಬಂದ ರಾಜೀವ್ ಗಾಂಧಿ, ದೆಹಲಿಗೆ ಮರಳುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆಯೇ ಮುಖ್ಯಮಂತ್ರಿ ಬದಲಾವಣೆಯ ಮಾತಾಡಿಬಿಟ್ಟರು. 10 ಅಕ್ಟೋಬರಿನಿಂದ ಒಂದು ವಾರ ರಾಷ್ಟ್ರಪತಿ ಆಳ್ವಿಕೆ; 17ರಂದು ಎಸ್. ಬಂಗಾರಪ್ಪ ಮುಖ್ಯಮಂತ್ರಿ.

ಕಾಯಿಲೆಯ ಮನುಷ್ಯನನ್ನು ಬದಲಿಸುವುದು ತಪ್ಪಲ್ಲದಿರಬಹುದು. ಬದಲಿಸಿದ ರೀತಿ ಮಾತ್ರ ಮರೆಯದ ಗಾಯವಾಯಿತು. ಲಿಂಗಾಯತರು ಕಾಂಗ್ರೆಸ್ ಬಿಟ್ಟದ್ದು ಆ ವಿಮಾನ ನಿಲ್ದಾಣದಲ್ಲೇ ಎಂಬ ಮಾತು ಈಗ ಪಾಠದಂತೆ ಒಪ್ಪಿಸಲ್ಪಡುತ್ತದೆ, ಪ್ರತಿ ಚುನಾವಣೆಯ ಭಾಷಣದಲ್ಲೂ ಬರುತ್ತದೆ. ಅಂಕಿಗಳು ಅಷ್ಟು ಸರಳವಾಗಿಲ್ಲ. 1991ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಇನ್ನೂ 23 ಸ್ಥಾನ ಗೆದ್ದಿತ್ತು. 1994ರ ವಿಧಾನಸಭೆಯಲ್ಲಿ ಅದು 34ಕ್ಕೆ ಕುಸಿದಾಗ ಬಂಗಾರಪ್ಪ ಕಾಲದ ಹಗರಣಗಳ ಆರೋಪ, ಪಕ್ಷದ ಒಡಕು, ಮಂದಿರ ರಾಜಕಾರಣ ಎಲ್ಲವೂ ಸೇರಿದ್ದವು. ಲಾಭ ಪಡೆದದ್ದೂ ಮೊದಲಿಗೆ 115 ಸ್ಥಾನಗಳ ಜನತಾದಳವೇ. ಬಿಜೆಪಿಗೆ ಆಗ 40. ಆದರೆ ಒಂದು ಸಮುದಾಯ ತನಗೆ ಅವಮಾನವಾಯಿತೆಂದು ನೆನೆಯಲು ಒಂದು ದಿನ, ಒಂದು ಜಾಗ ಬೇಕಿತ್ತು. ಅದನ್ನು ರಾಜೀವ್ ಗಾಂಧಿ ಒದಗಿಸಿದರು.

ಪಾಟೀಲರು ಮತ್ತೆ ಅಧಿಕಾರಕ್ಕೆ ಬರಲಿಲ್ಲ. ಅವರ ನಂತರ ಕಲಬುರಗಿ ಜಿಲ್ಲೆಯಿಂದ ಮುಖ್ಯಮಂತ್ರಿಯಾದವರು ಧರ್ಮಸಿಂಗ್ ಒಬ್ಬರೇ (2004–06). ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ, ನೌಕರಿಯಲ್ಲಿ ವಿಶೇಷ ಮೀಸಲು ಕೊಡುವ ಸಂವಿಧಾನದ 371 (ಜೆ) ವಿಧಿ 2012ರ ತಿದ್ದುಪಡಿಯಿಂದ ಬಂತು. ಅದರ ಹೋರಾಟದ ಮುಂದಾಳು ವೈಜನಾಥ ಪಾಟೀಲ ಕೂಡ ಚಿಂಚೋಳಿಯನ್ನು ಪ್ರತಿನಿಧಿಸಿದ್ದವರು. ವೀರೇಂದ್ರ ಪಾಟೀಲರ ಮಗ ಕೈಲಾಸನಾಥ ಪಾಟೀಲ 1999ರಲ್ಲಿ ಚಿಂಚೋಳಿಯಿಂದ ಶಾಸಕರಾದರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಚಿಂಚೋಳಿ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಕಮಲಾಪುರ ಕ್ಷೇತ್ರ ಅಳಿದು ಗುಲಬರ್ಗಾ ಗ್ರಾಮೀಣ ಬಂತು, ಕಲಬುರಗಿ ಲೋಕಸಭಾ ಕ್ಷೇತ್ರವೂ ಮೀಸಲಾಯಿತು. 2009 ಮತ್ತು 2014ರಲ್ಲಿ ಅಲ್ಲಿ ಮಲ್ಲಿಕಾರ್ಜುನ ಖರ್ಗೆ ಗೆದ್ದರು. 2019ರಲ್ಲಿ ಅವರನ್ನು ಸೋಲಿಸಿದ ಬಿಜೆಪಿಯ ಉಮೇಶ ಜಾಧವ್ ಅದಕ್ಕೂ ಮುಂಚೆ ಎರಡು ಸಲ ಕಾಂಗ್ರೆಸ್ಸಿನಿಂದ ಚಿಂಚೋಳಿಯ ಶಾಸಕರಾಗಿದ್ದವರು.